ಜಾವಾ ವೆಬ್ ಅಪ್ಲಿಕೇಶನ್: ಒಬ್ಬರು ಭಾಷೆ ಬದಲಿಸಿದರೆ ಎಲ್ಲರ ಪರದೆಯೂ ಬದಲಾಗುತ್ತಿದೆ

ಕಬ್ಬಿನಗದ್ದೆ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನಮ್ಮ ಜಿಲ್ಲೆಯ ಒಂದು ಸಹಕಾರ ಸಂಘಕ್ಕೆಂದು ಹಿಂದೆ ಬೇರೊಬ್ಬರು ಬರೆದುಕೊಟ್ಟಿದ್ದ ಜಾವಾ ವೆಬ್ ಅಪ್ಲಿಕೇಶನ್ನಿನ ನಿರ್ವಹಣೆ ಈಗ ನನ್ನ ಪಾಲಿಗೆ ಬಂದಿದೆ. ಜಾವಾ 8, ಸ್ಪ್ರಿಂಗ್ ಎಂವಿಸಿ ಎಂಬ ವೆಬ್ ಚೌಕಟ್ಟು, ಸರ್ವರಿನಲ್ಲಿ ಸಿದ್ಧವಾಗುವ ಜೆಎಸ್‌ಪಿ ಪುಟಗಳು ಮತ್ತು ಟಾಮ್‌ಕ್ಯಾಟ್ ಸರ್ವರ್ ಮೇಲೆ ಅದು ನಡೆಯುತ್ತಿದೆ. ಕಚೇರಿಯ ಗುಮಾಸ್ತರು ಮೊದಲಿನಿಂದಲೂ ಇಂಗ್ಲಿಷ್ ಪರದೆಯಲ್ಲೇ ಕೆಲಸ ಮಾಡಿಕೊಂಡು ಬಂದವರು. ಸದಸ್ಯರಾದ ರೈತರು ತಮ್ಮ ಸಾಲ, ಷೇರು, ಗೊಬ್ಬರದ ಲೆಕ್ಕವನ್ನು ಮೊಬೈಲಿನಲ್ಲಿ ಕನ್ನಡದಲ್ಲೇ ನೋಡಬೇಕೆನ್ನುತ್ತಾರೆ, ಅದು ನ್ಯಾಯವೂ ಹೌದು.

ಪುಟದ ಬಲ ಮೇಲ್ತುದಿಯಲ್ಲಿ ಭಾಷೆ ಬದಲಿಸುವ ಗುಂಡಿ ಇದೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಸರಿಯಾಗಿಯೇ ಕೆಲಸ ಮಾಡುತ್ತದೆ. ಸರ್ವರಿಗೆ ಹಾಕಿದ ಮೇಲೆ ಮಾತ್ರ ಮದ್ದೂರಿನ ರೈತರೊಬ್ಬರು ಕನ್ನಡ ಒತ್ತಿದರೆ ಮಂಡ್ಯದ ಕಚೇರಿಯಲ್ಲಿ ಕುಳಿತ ಗುಮಾಸ್ತರ ಪರದೆಯೂ ಮುಂದಿನ ಪುಟಕ್ಕೆ ಕನ್ನಡವಾಗುತ್ತದೆ. ಅವರು ಇಂಗ್ಲಿಷ್ ಒತ್ತಿದರೆ ರೈತರದು ಇಂಗ್ಲಿಷ್ ಆಗುತ್ತದೆ. ಇದಲ್ಲದೆ ಇನ್ನೆರಡು ತೊಂದರೆಗಳಿವೆ. ಕೆಲವು ಪುಟಗಳಲ್ಲಿ ಕನ್ನಡದ ಬದಲು ಯುರೋಪಿನ ಯಾವುದೋ ಲಿಪಿಯ ಚಿಹ್ನೆಗಳು ಸಾಲಾಗಿ ಬರುತ್ತವೆ. ಅರ್ಧ ತುಂಬಿದ ಅರ್ಜಿಯ ಮಧ್ಯೆ ಭಾಷೆ ಬದಲಿಸಿದರೆ ತುಂಬಿದ್ದೆಲ್ಲ ಅಳಿಸಿಹೋಗುತ್ತದೆ. ಎಲ್ಲಿಂದ ಹುಡುಕಲು ಆರಂಭಿಸಬೇಕೆಂದು ಬಲ್ಲವರು ದಯವಿಟ್ಟು ತಿಳಿಸಿ.

ಒಂಟಿಕೊಪ್ಪಲು

ಲೊಕೇಲ್ (ಭಾಷೆ ಮತ್ತು ಪ್ರದೇಶದ ಗುರುತು) ವರ್ಗದ ಸೆಟ್‌ಡಿಫಾಲ್ಟ್ ಎಂಬ ಕರೆ ಕೋಡಿನಲ್ಲಿ ಎಲ್ಲಿದೆ ಎಂದು ಹುಡುಕಿ. ಇದ್ದೇ ಇರುತ್ತದೆ.

ಕುಕ್ಕರಹಳ್ಳಿ ಕೆರೆ

ಒಂಟಿಕೊಪ್ಪಲು ಅವರ ಊಹೆ ಸರಿ ಎಂದೇ ನನಗೂ ತೋರುತ್ತದೆ, ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಟಾಮ್‌ಕ್ಯಾಟ್ ಎಂಬುದು ಒಂದೇ ಜಾವಾ ವರ್ಚುವಲ್ ಮಷೀನಿನಲ್ಲಿ ನಡೆಯುವ ಒಂದೇ ಪ್ರಕ್ರಿಯೆ. ಅದಕ್ಕೆ ಬರುವ ನೂರಾರು ಕೋರಿಕೆಗಳನ್ನು ಅದು ಬೇರೆ ಬೇರೆ ಥ್ರೆಡ್‌ಗಳಿಗೆ, ಅಂದರೆ ಏಕಕಾಲಕ್ಕೆ ನಡೆಯುವ ಕೆಲಸದ ಎಳೆಗಳಿಗೆ, ಹಂಚುತ್ತದೆ. ಡಿಫಾಲ್ಟ್ ಲೊಕೇಲ್ ಆ ಇಡೀ ವರ್ಚುವಲ್ ಮಷೀನಿಗೆ ಒಂದೇ ಇರುತ್ತದೆ, ಥ್ರೆಡ್ಡಿಗೆ ಒಂದರಂತೆ ಇರುವುದಿಲ್ಲ. ಆದ್ದರಿಂದ ಒಬ್ಬ ಬಳಕೆದಾರರ ಗುಂಡಿಯಿಂದ ಅದನ್ನು ಬದಲಿಸುವುದೆಂದರೆ ಊರಿಗೆಲ್ಲ ಒಂದೇ ದೀಪದ ಸ್ವಿಚ್ಚಿಟ್ಟು ಅದನ್ನು ಪ್ರತಿ ಮನೆಯವರ ಕೈಗೂ ಕೊಟ್ಟಂತೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಬಳಕೆದಾರರು ನೀವೊಬ್ಬರೇ ಆದ್ದರಿಂದ ದೋಷ ಕಣ್ಣಿಗೆ ಬೀಳಲಿಲ್ಲ.

ಅಪಾಯ ಪರದೆಯ ಅಕ್ಷರಗಳಿಗಷ್ಟೇ ನಿಲ್ಲುವುದಿಲ್ಲ. ಲೊಕೇಲ್ ಕೊಡದೆ ಬರೆದ ಟುಅಪ್ಪರ್‌ಕೇಸ್, ಸ್ಟ್ರಿಂಗ್ ಫಾರ್ಮ್ಯಾಟ್, ದಿನಾಂಕದ ಫಾರ್ಮ್ಯಾಟ್ ಎಲ್ಲವೂ ಡಿಫಾಲ್ಟ್ ಲೊಕೇಲ್ ನೋಡಿಯೇ ನಡೆಯುತ್ತವೆ. ಡಿಫಾಲ್ಟ್ ಲೊಕೇಲ್ ಟರ್ಕಿಯದಾದರೆ ಸಣ್ಣ ಐ ಅಕ್ಷರ ದೊಡ್ಡದಾಗುವಾಗ ತಲೆಯ ಮೇಲಿನ ಚುಕ್ಕೆಯನ್ನು ಉಳಿಸಿಕೊಂಡು ಬೇರೆಯೇ ಅಕ್ಷರವಾಗುತ್ತದೆ ಎಂಬುದು ಜಾವಾ ಜಗತ್ತಿನಲ್ಲಿ ಹಳೆಯ ಉದಾಹರಣೆ. ಯಂತ್ರ ಓದುವ ಪಠ್ಯಕ್ಕೆ ಯಾವಾಗಲೂ ಯಾವ ಭಾಷೆಗೂ ಸೇರದ ಲೊಕೇಲ್ ರೂಟ್ ಅನ್ನು ಸ್ಪಷ್ಟವಾಗಿ ಕೊಡಬೇಕು.

ಲಷ್ಕರ್ ಮೊಹಲ್ಲಾ

ಸೆಟ್‌ಡಿಫಾಲ್ಟ್ ಕರೆಯೇ ತಪ್ಪೆಂದು ಹೇಳುವುದು ಅತಿಯಾಯಿತು. ನಾವು ಸ್ವಿಂಗ್ ಬಳಸಿ ಬರೆದ ಬಿಲ್ಲಿಂಗ್ ತಂತ್ರಾಂಶದಲ್ಲಿ ಭಾಷೆ ಬದಲಿಸಲು ಅದನ್ನೇ ಬಳಸಿದ್ದೇವೆ, ಮೈಸೂರಿನ ಹಲವು ಅಂಗಡಿಗಳಲ್ಲಿ ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿದೆ.

ಕುಕ್ಕರಹಳ್ಳಿ ಕೆರೆ

ಸರ್, ನಿಮ್ಮ ತಂತ್ರಾಂಶ ಒಂದು ಕಂಪ್ಯೂಟರಿನಲ್ಲಿ ಒಬ್ಬರೇ ಕುಳಿತು ಬಳಸುವಂಥದ್ದು, ಅಲ್ಲಿ ವರ್ಚುವಲ್ ಮಷೀನೇ ಒಬ್ಬ ಬಳಕೆದಾರರ ಸ್ವತ್ತು. ಇಲ್ಲಿ ಚರ್ಚೆಯಾಗುತ್ತಿರುವುದು ವೆಬ್ ಸರ್ವರ್. ಎರಡಕ್ಕೂ ಒಂದೇ ನಿಯಮ ಹೊಂದುವುದಿಲ್ಲ.

ಲಷ್ಕರ್ ಮೊಹಲ್ಲಾ

ವೆಬ್ಬಿನ ಮಟ್ಟಿಗೆ ಒಪ್ಪಿದೆ.

ಕಬ್ಬಿನಗದ್ದೆ (ಮಂಡ್ಯ)

ಹುಡುಕಿದೆ, ನೀವೆಲ್ಲ ಹೇಳಿದಂತೆಯೇ ಇದೆ. ಭಾಷೆ ಬದಲಿಸುವ ಕಂಟ್ರೋಲರಿನಲ್ಲಿ ಸೆಟ್‌ಡಿಫಾಲ್ಟ್ ಕರೆ ಸಿಕ್ಕಿತು. ಜೊತೆಗೆ ಒಂದು ಯುಟಿಲಿಟಿ ವರ್ಗದಲ್ಲಿ ಈಗಿನ ಭಾಷೆ ಎಂಬ ಸ್ಟ್ಯಾಟಿಕ್ (ಎಲ್ಲರಿಗೂ ಒಂದೇ ಆಗಿರುವ) ವೇರಿಯೇಬಲ್ ಕೂಡ ಇದೆ, ಜೆಎಸ್‌ಪಿ ಪುಟಗಳು ಅದನ್ನು ನೋಡಿ ರಿಸೋರ್ಸ್ ಬಂಡಲ್ (ಆಯಾ ಭಾಷೆಯ ಪಠ್ಯಗಳ ಕಡತ) ತೆರೆಯುತ್ತವೆ. ಈ ಸ್ಟ್ಯಾಟಿಕ್ ವೇರಿಯೇಬಲನ್ನು ಥ್ರೆಡ್‌ಲೋಕಲ್, ಅಂದರೆ ಥ್ರೆಡ್ಡಿಗೊಂದರಂತೆ, ಮಾಡಿದರೆ ಸಾಕೆ? ಸಹೋದ್ಯೋಗಿಯೊಬ್ಬರು ಹಾಗೆ ಸೂಚಿಸಿದರು.

ಶಿಂಷಾ

ಸಾಲದು. ಟಾಮ್‌ಕ್ಯಾಟಿನ ಥ್ರೆಡ್‌ಗಳು ಒಂದು ಕೋರಿಕೆ ಮುಗಿದ ಮೇಲೆ ಸಾಯುವುದಿಲ್ಲ. ಪೂಲಿಗೆ ಮರಳಿ ಮತ್ತೊಬ್ಬರ ಕೋರಿಕೆಯನ್ನು ಹಿಡಿಯುತ್ತವೆ. ಹಿಂದಿನವರ ಭಾಷೆಯನ್ನು ತೆಗೆದುಹಾಕದೆ ಬಿಟ್ಟರೆ ಅದು ಮುಂದಿನವರಿಗೆ ಅಂಟಿಕೊಳ್ಳುತ್ತದೆ. ಆಗ ನಿಮಗೆ ಸಿಗುವುದು ಇನ್ನೂ ಕೆಟ್ಟ ದೋಷ, ಏಕೆಂದರೆ ಅದು ಕೆಲವೊಮ್ಮೆ ಮಾತ್ರ ಕಾಣಿಸುತ್ತದೆ.

ಮದ್ದೂರಿನವಳು

ಸ್ಪ್ರಿಂಗ್ ಬಳಸುತ್ತಿರುವಾಗ ಇದನ್ನೆಲ್ಲ ಕೈಯಾರೆ ಬರೆಯುವ ಅಗತ್ಯವೇ ಇಲ್ಲ. ಕೋರಿಕೆಗಳನ್ನು ಮೊದಲು ಹಿಡಿಯುವ ಡಿಸ್ಪ್ಯಾಚರ್ ಸರ್ವ್‌ಲೆಟ್ ಪ್ರತಿ ಕೋರಿಕೆಗೂ ಲೊಕೇಲ್ ರಿಸಾಲ್ವರ್ ಎಂಬುದನ್ನು ಕೇಳಿ ಲೊಕೇಲ್ ನಿರ್ಧರಿಸುತ್ತದೆ, ಲೊಕೇಲ್ ಕಾಂಟೆಕ್ಸ್ಟ್ ಹೋಲ್ಡರಿನಲ್ಲಿ ಇಡುತ್ತದೆ, ಕೋರಿಕೆ ಮುಗಿದಾಗ ಹಿಂದಿನ ಸ್ಥಿತಿಗೆ ತರುತ್ತದೆ. ಒಳಗಿರುವುದು ಥ್ರೆಡ್‌ಲೋಕಲ್ಲೇ, ಶಿಂಷಾ ಅವರು ಹೇಳಿದ ಶುಚಿಗೊಳಿಸುವ ಕೆಲಸವನ್ನು ಅದೇ ಮಾಡುತ್ತದೆ.

ನೀವು ಮಾಡಬೇಕಾದದ್ದು ಹೀಗಿದೆ. ಮೊದಲು ಒಂದು ಲೊಕೇಲ್ ರಿಸಾಲ್ವರ್ ಬೀನ್ (ಸ್ಪ್ರಿಂಗ್ ನಿರ್ವಹಿಸುವ ವಸ್ತು) ಬರೆಯಿರಿ, ಅದರ ಹೆಸರು ಕಡ್ಡಾಯವಾಗಿ ಲೊಕೇಲ್‌ರಿಸಾಲ್ವರ್ ಎಂದೇ ಇರಬೇಕು. ಬೇರೆ ಹೆಸರಿಟ್ಟರೆ ಸ್ಪ್ರಿಂಗ್ ಅದನ್ನು ಗುರುತಿಸದೆ ತನ್ನ ಡಿಫಾಲ್ಟ್ ರಿಸಾಲ್ವರಿಗೆ ಹೋಗುತ್ತದೆ. ಆ ಡಿಫಾಲ್ಟ್ ರಿಸಾಲ್ವರ್ ಬ್ರೌಸರ್ ಕಳಿಸುವ ಅಕ್ಸೆಪ್ಟ್ ಲ್ಯಾಂಗ್ವೇಜ್ ಹೆಡರನ್ನಷ್ಟೇ ಓದುತ್ತದೆ, ಭಾಷೆ ಬದಲಿಸಲು ಹೋದರೆ ಎಕ್ಸೆಪ್ಷನ್ ಎಸೆಯುತ್ತದೆ. ನಂತರ ಕೋರಿಕೆಯನ್ನು ನಡುವೆ ಹಿಡಿದು ನೋಡುವ ಲೊಕೇಲ್ ಚೇಂಜ್ ಇಂಟರ್‌ಸೆಪ್ಟರ್ ಒಂದನ್ನು ನೋಂದಾಯಿಸಿ. ಅದು ಮೂಲದಲ್ಲಿ ಲೊಕೇಲ್ ಎಂಬ ಪ್ಯಾರಾಮೀಟರನ್ನು ಹುಡುಕುತ್ತದೆ, ಬೇಕಾದರೆ ಲ್ಯಾಂಗ್ ಎಂದು ಬದಲಿಸಿಕೊಳ್ಳಬಹುದು. ಜೆಎಸ್‌ಪಿಯಲ್ಲಿ ಸ್ಟ್ಯಾಟಿಕ್ ವರ್ಗವನ್ನು ಕರೆಯುವ ಸಾಲುಗಳನ್ನೆಲ್ಲ ತೆಗೆದು ಸ್ಪ್ರಿಂಗ್ ಮೆಸೇಜ್ ಟ್ಯಾಗ್ ಹಾಕಿ. ಬೇಸರದ ಕೆಲಸ, ಆದರೆ ಒಂದೇ ಸಲದ್ದು.

ಬಳಕೆದಾರರು ಆ ಪ್ಯಾರಾಮೀಟರಿನಲ್ಲಿ ಏನು ಬೇಕಾದರೂ ಬರೆದು ಕಳಿಸಬಹುದೆಂಬುದನ್ನು ಮರೆಯಬೇಡಿ. ಕನ್ನಡ ಮತ್ತು ಇಂಗ್ಲಿಷ್ ಬಿಟ್ಟು ಬೇರೇನು ಬಂದರೂ ತಿರಸ್ಕರಿಸಿ.

ಹೇಮಾವತಿ ನಾಲೆ

ರಿಸಾಲ್ವರ್ ಸೆಷನ್ನಿನದೋ (ಸರ್ವರ್ ಇಟ್ಟುಕೊಳ್ಳುವ ಭೇಟಿಯ ನೆನಪು) ಕುಕಿಯದೋ (ಬ್ರೌಸರ್ ಇಟ್ಟುಕೊಳ್ಳುವ ಸಣ್ಣ ಗುರುತು) ಎಂಬುದನ್ನು ಹೇಳಲಿಲ್ಲವಲ್ಲ, ಮೇಡಂ. ನನ್ನ ಮತ ಕುಕಿಯ ಪರ. ಸೆಷನ್ನಿನಲ್ಲಿ ಇಟ್ಟರೆ ಲಾಗೌಟ್ ಆದೊಡನೆ ಆಯ್ಕೆ ಹೋಗುತ್ತದೆ, ರೈತರು ಪ್ರತಿ ಸಲವೂ ಗುಂಡಿ ಒತ್ತಬೇಕಾಗುತ್ತದೆ. ಕುಕಿಗೆ ಆಯಸ್ಸು ನಿಗದಿ ಮಾಡುವುದನ್ನು ಮಾತ್ರ ಮರೆಯಬಾರದು, ಇಲ್ಲವಾದರೆ ಅದೂ ಬ್ರೌಸರ್ ಮುಚ್ಚಿದೊಡನೆ ಮಾಯವಾಗುತ್ತದೆ.

ಚಾಮುಂಡಿಪುರಂ

ಕುಕಿಯ ಪರವಾಗಿ ನನಗೆ ಅಷ್ಟು ಭರವಸೆಯಿಲ್ಲ. ಹಳ್ಳಿಯ ಸೇವಾ ಕೇಂದ್ರದಲ್ಲಿ ಒಂದೇ ಕಂಪ್ಯೂಟರಿಗೆ ದಿನವಿಡೀ ಹತ್ತಾರು ಜನ ಬರುತ್ತಾರೆ, ಕುಕಿ ಇರುವುದು ಆ ಕಂಪ್ಯೂಟರಿನ ಬ್ರೌಸರಿಗೆ ಹೊರತು ಆ ಜನರಿಗಲ್ಲ. ಲಾಗಿನ್ ಇರುವ ಅಪ್ಲಿಕೇಶನ್ನಿನಲ್ಲಿ ಬಳಕೆದಾರರ ಕೋಷ್ಟಕದಲ್ಲೇ ಭಾಷೆಗೊಂದು ಕಾಲಂ ಇರಬೇಕು. ಲಾಗಿನ್ ಯಶಸ್ವಿಯಾದ ಕ್ಷಣದಲ್ಲಿ ಅದನ್ನು ಓದಿ ಸೆಷನ್ನಿಗೆ ಹಾಕಬೇಕು, ಗುಂಡಿ ಒತ್ತಿದಾಗ ಸೆಷನ್ ಮತ್ತು ಕೋಷ್ಟಕ ಎರಡನ್ನೂ ಬದಲಿಸಬೇಕು. ಲಾಗಿನ್ ಆಗದವರಿಗೆ ಮಾತ್ರ ಕುಕಿ ಸಾಕು.

ಹೇಮಾವತಿ ನಾಲೆ

ಸೇವಾ ಕೇಂದ್ರದ ವಿಚಾರ ಸರಿಯಾಗಿದೆ. ಹಾಗಾದರೆ ನಿಮ್ಮ ಕ್ರಮವೇ ಮೇಲು.

ಸರಸ್ವತೀಪುರಂ ಮೇಷ್ಟ್ರು

ಎರಡನೆಯ ತೊಂದರೆಯ ಬಗ್ಗೆ, ಅಂದರೆ ಅಕ್ಷರಗಳು ಕೆಡುವ ಬಗ್ಗೆ, ನಾನು ಬರೆಯುತ್ತೇನೆ, ವಿದ್ಯಾರ್ಥಿಗಳಿಗೆ ಪ್ರತಿ ವರ್ಷವೂ ಇದನ್ನು ಹೇಳಬೇಕಾಗುತ್ತದೆ. ಜಾವಾ 8ರವರೆಗೆ ರಿಸೋರ್ಸ್ ಬಂಡಲ್ ತನ್ನ ಪ್ರಾಪರ್ಟೀಸ್ ಕಡತಗಳನ್ನು ಐಎಸ್‌ಒ 8859-1 ಎಂಬ ಪಶ್ಚಿಮ ಯುರೋಪಿನ ಸಂಕೇತಮಾಲೆಯಲ್ಲಿ ಓದುತ್ತಿತ್ತು. ಕನ್ನಡದ ಪ್ರತಿ ಸಂಕೇತವೂ ಯುನಿಕೋಡಿನ ಬರವಣಿಗೆ ಕ್ರಮವಾದ ಯುಟಿಎಫ್-8ರಲ್ಲಿ ಮೂರು ಬೈಟ್ ಹಿಡಿಯುತ್ತದೆ. ಕಡತವನ್ನು ಯುಟಿಎಫ್-8ರಲ್ಲಿ ಉಳಿಸಿ ಹಳೆಯ ಕ್ರಮದಲ್ಲಿ ಓದಿದರೆ ಆ ಮೂರು ಬೈಟ್‌ಗಳು ಮೂರು ಬೇರೆ ಬೇರೆ ಯುರೋಪಿನ ಚಿಹ್ನೆಗಳಾಗಿ ಹೊರಬರುತ್ತವೆ. ನಿಮ್ಮ ಪುಟಗಳಲ್ಲಿ ಕಾಣುತ್ತಿರುವುದು ಅದೇ.

ಆಗಿನ ಪರಿಹಾರವೆಂದರೆ ಜಾವಾ ಅಭಿವೃದ್ಧಿ ಕಿಟ್ ಆದ ಜೆಡಿಕೆಯೊಡನೆ ಬರುತ್ತಿದ್ದ ನೇಟಿವ್‌ಟುಆಸ್ಕಿ ಎಂಬ ಉಪಕರಣದಿಂದ ಪ್ರತಿ ಅಕ್ಷರವನ್ನೂ ಬ್ಯಾಕ್‌ಸ್ಲ್ಯಾಶ್, ಯು ಮತ್ತು ನಾಲ್ಕು ಹೆಕ್ಸ್ ಅಂಕಿಗಳ ರೂಪಕ್ಕೆ ತಿರುಗಿಸುವುದು. ಕ ಎಂಬ ಅಕ್ಷರ ಅಲ್ಲಿ 0ಸಿ95 ಆಗುತ್ತದೆ. ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ, ಆದರೆ ಅನುವಾದ ತಿದ್ದುವವರು ಆ ಕಡತವನ್ನು ತೆರೆದರೆ ಒಂದು ಪದವೂ ಓದಲು ಬರುವುದಿಲ್ಲ. ಜಾವಾ 9ರಲ್ಲಿ ರಿಸೋರ್ಸ್ ಬಂಡಲ್ ಪ್ರಾಪರ್ಟೀಸ್ ಕಡತಗಳನ್ನು ಯುಟಿಎಫ್-8 ಎಂದೇ ಓದತೊಡಗಿತು, ಆ ಉಪಕರಣವನ್ನೂ ಕೈಬಿಡಲಾಯಿತು. ಪ್ರಾಪರ್ಟೀಸ್ ವರ್ಗದ ಲೋಡ್ ವಿಧಾನಕ್ಕೆ ನೇರವಾಗಿ ಇನ್‌ಪುಟ್ ಸ್ಟ್ರೀಮ್ ಕೊಟ್ಟರೆ ಈಗಲೂ ಹಳೆಯ ಸಂಕೇತಮಾಲೆಯೇ ನಡೆಯುತ್ತದೆ; ಅಲ್ಲಿ ಯುಟಿಎಫ್-8 ಎಂದು ತಿಳಿಸಿದ ರೀಡರ್ ಕೊಡಬೇಕು.

ಮದ್ದೂರಿನವಳು

ಮೇಷ್ಟ್ರ ಮಾತಿಗೆ ಒಂದು ಸೇರ್ಪಡೆ. ಜಾವಾ 8ರಲ್ಲೇ ಇದ್ದರೂ ಸ್ಪ್ರಿಂಗಿನ ಮೆಸೇಜ್ ಸೋರ್ಸಿಗೆ ಡಿಫಾಲ್ಟ್ ಎನ್‌ಕೋಡಿಂಗ್ ಯುಟಿಎಫ್-8 ಎಂದು ಹೇಳಿಬಿಟ್ಟರೆ ಅದು ಕಡತಗಳನ್ನು ಸರಿಯಾಗಿಯೇ ಓದುತ್ತದೆ, ನೇಟಿವ್‌ಟುಆಸ್ಕಿ ಬೇಕಾಗುವುದಿಲ್ಲ. ಹೇಳದಿದ್ದರೆ ಅದೂ ಹಳೆಯ ಸಂಕೇತಮಾಲೆಗೇ ಹೋಗುತ್ತದೆ. ಜೆಎಸ್‌ಪಿಗಳ ತಲೆಯಲ್ಲಿ ಪೇಜ್ ಎನ್‌ಕೋಡಿಂಗ್ ಇದೆಯೇ ಎಂಬುದನ್ನೂ ನೋಡಿ. ಅರ್ಜಿಯಿಂದ ಬರುವ ಪಠ್ಯಕ್ಕಾಗಿ ಕ್ಯಾರೆಕ್ಟರ್ ಎನ್‌ಕೋಡಿಂಗ್ ಫಿಲ್ಟರನ್ನು ಎಲ್ಲಕ್ಕಿಂತ ಮೊದಲು ಇಡಿ. ಯಾವುದಾದರೂ ಪ್ಯಾರಾಮೀಟರನ್ನು ಓದಿದ ಮೇಲೆ ಎನ್‌ಕೋಡಿಂಗ್ ಬದಲಿಸಿದರೆ ಪ್ರಯೋಜನವಿಲ್ಲ.

ಶಿಂಷಾ

ಅನುವಾದದ ಕಡತ ನಿಮಗೆ ಯಾವ ರೂಪದಲ್ಲಿ ಬರುತ್ತದೆ ಎಂಬುದನ್ನೂ ಪರೀಕ್ಷಿಸಿ. ನಮ್ಮ ಕಡೆ ಈಗಲೂ ನುಡಿಯ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿ ಎಕ್ಸೆಲ್ ಹಾಳೆ ಕಳಿಸುವವರಿದ್ದಾರೆ. ಅವರ ಕಂಪ್ಯೂಟರಿನಲ್ಲಿ ಅದು ಅಂದವಾದ ಕನ್ನಡವಾಗಿ ಕಾಣುತ್ತದೆ, ಒಳಗಿರುವ ಸಂಕೇತಗಳು ಮಾತ್ರ ಲ್ಯಾಟಿನ್ನಿನವು. ಅದನ್ನು ಯುನಿಕೋಡಿಗೆ ಪರಿವರ್ತಿಸಿದ ನಂತರವೇ ಕಡತಕ್ಕೆ ಹಾಕಬೇಕು, ಪರಿವರ್ತಿಸಿದ ಮೇಲೆ ಅರ್ಕಾವೊತ್ತು ಮತ್ತು ಒತ್ತಕ್ಷರಗಳನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಕಬ್ಬಿನಗದ್ದೆ (ಮಂಡ್ಯ)

ಲೊಕೇಲ್ ರಿಸಾಲ್ವರ್ ಹಾಕಿದೆ, ಮೆಸೇಜ್ ಸೋರ್ಸಿಗೆ ಯುಟಿಎಫ್-8 ಎಂದು ಹೇಳಿದೆ. ಅಕ್ಷರಗಳು ಸರಿಯಾದವು, ಒಬ್ಬರ ಭಾಷೆ ಇನ್ನೊಬ್ಬರಿಗೆ ಹೋಗುವುದೂ ನಿಂತಿತು. ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಆದರೆ ಈಗ ಒಂದು ವಿಚಿತ್ರ ಎದುರಾಗಿದೆ. ಪರೀಕ್ಷಾ ಸರ್ವರಿನಲ್ಲಿ ಕನ್ನಡ ಒತ್ತಿದರೂ ಪುಟ ಇಂಗ್ಲಿಷಿನಲ್ಲೇ ಬರುತ್ತದೆ. ನಮ್ಮ ಮೂಲ ಮೆಸೇಜಸ್ ಕಡತವೇ ಕನ್ನಡದ್ದು; ಇಂಗ್ಲಿಷಿಗೆ ಮಾತ್ರ ಇಎನ್ ಎಂಬ ಬಾಲವಿರುವ ಕಡತ ಇದೆ.

ಒಂಟಿಕೊಪ್ಪಲು

ಇದು ರಿಸೋರ್ಸ್ ಬಂಡಲ್ ಹುಡುಕುವ ಕ್ರಮದಿಂದ ಆಗುತ್ತಿದೆ. ನೀವು ಕನ್ನಡ ಕೇಳಿದಾಗ ಅದು ಮೊದಲು ಕೆಎನ್ ಬಾಲದ ಕಡತವನ್ನು ಹುಡುಕುತ್ತದೆ. ಸಿಗದಿದ್ದರೆ ಬಹಳ ಜನ ತಿಳಿದಿರುವಂತೆ ನೇರವಾಗಿ ಮೂಲ ಕಡತಕ್ಕೆ ಬರುವುದಿಲ್ಲ. ನಡುವೆ ಸರ್ವರಿನ ಡಿಫಾಲ್ಟ್ ಲೊಕೇಲಿನ ಕಡತವನ್ನು ಹುಡುಕುತ್ತದೆ. ನಿಮ್ಮ ಪರೀಕ್ಷಾ ಸರ್ವರಿನ ಡಿಫಾಲ್ಟ್ ಇಂಗ್ಲಿಷ್ ಆಗಿದೆ, ಇಎನ್ ಕಡತ ಸಿಕ್ಕಿತು, ಅಲ್ಲಿಗೇ ನಿಂತಿತು. ಕನ್ನಡವಿರುವ ಮೂಲ ಕಡತದ ಸರದಿಯೇ ಬರಲಿಲ್ಲ.

ಪರಿಹಾರ ಎರಡಿವೆ. ಕೆಎನ್ ಬಾಲವಿರುವ ಒಂದು ಖಾಲಿ ಕಡತ ಇಡಿ. ಅದರಲ್ಲಿ ಸಿಗದ ಕೀಗಳಿಗೆ (ಪ್ರತಿ ಪಠ್ಯಕ್ಕೆ ಇಟ್ಟ ಹೆಸರುಗಳಿಗೆ) ಅದು ತನ್ನ ತಾಯಿ ಕಡತವನ್ನು, ಅಂದರೆ ಮೂಲ ಕಡತವನ್ನು ನೋಡುತ್ತದೆ. ಅಥವಾ ಸ್ಪ್ರಿಂಗಿನಲ್ಲಿ ಫಾಲ್‌ಬ್ಯಾಕ್ ಟು ಸಿಸ್ಟಮ್ ಲೊಕೇಲ್ ಎಂಬುದನ್ನು ಸುಳ್ಳು ಮಾಡಿ. ನಾನಾದರೆ ಎರಡನೆಯದನ್ನೇ ಮಾಡುತ್ತೇನೆ, ಏಕೆಂದರೆ ಬಳಕೆದಾರರಿಗೆ ಯಾವ ಭಾಷೆ ಕಾಣಬೇಕೆಂಬುದನ್ನು ಸರ್ವರಿನ ಆಪರೇಟಿಂಗ್ ಸಿಸ್ಟಮ್ ತೀರ್ಮಾನಿಸಬಾರದು.

ಲಷ್ಕರ್ ಮೊಹಲ್ಲಾ

ಇಷ್ಟು ವರ್ಷ ಜಾವಾ ಬರೆದರೂ ಮೂಲ ಕಡತಕ್ಕಿಂತ ಮೊದಲು ಡಿಫಾಲ್ಟ್ ಲೊಕೇಲಿನ ಸರದಿ ಬರುತ್ತದೆ ಎಂಬುದನ್ನು ಗಮನಿಸಿರಲಿಲ್ಲ. ಉಪಯುಕ್ತ ಮಾಹಿತಿ.

ಕಾರಂಜಿ

ನಾವು ಸ್ಪ್ರಿಂಗ್ ಬಳಸುವುದಿಲ್ಲ, ಇನ್ನೊಂದು ಜಾವಾ ವೆಬ್ ಚೌಕಟ್ಟಾದ ಜೆಎಸ್‌ಎಫ್ ಬಳಸುತ್ತೇವೆ. ವ್ಯೂ ರೂಟಿನ ಸೆಟ್‌ಲೊಕೇಲ್ ಕರೆದರೆ ಆ ಪುಟ ಕನ್ನಡವಾಗುತ್ತದೆ, ಮುಂದಿನ ಪುಟಕ್ಕೆ ಹೋದರೆ ಮತ್ತೆ ಇಂಗ್ಲಿಷ್. ಇದಕ್ಕೂ ಇಲ್ಲೇ ಉತ್ತರ ಸಿಗಬಹುದೆ?

ಮದ್ದೂರಿನವಳು

ಪ್ರತಿ ಹೊಸ ಪುಟಕ್ಕೂ ಜೆಎಸ್‌ಎಫ್ ಹೊಸ ವ್ಯೂ ಕಟ್ಟುತ್ತದೆ, ಅದಕ್ಕೆ ಬ್ರೌಸರಿನ ಹೆಡರಿನಿಂದ ಹೊಸದಾಗಿ ಲೊಕೇಲ್ ಲೆಕ್ಕ ಹಾಕುತ್ತದೆ. ಸೆಷನ್ ವ್ಯಾಪ್ತಿಯ ಒಂದು ಬೀನಿನಲ್ಲಿ ಲೊಕೇಲ್ ಇಟ್ಟು, ಟೆಂಪ್ಲೇಟಿನ ಎಫ್ ವ್ಯೂ ಟ್ಯಾಗಿನ ಲೊಕೇಲ್ ಗುಣಕ್ಕೆ ಆ ಬೀನನ್ನೇ ಜೋಡಿಸಿ. ಎಲ್ಲ ಪುಟಗಳೂ ಅದೇ ಟೆಂಪ್ಲೇಟನ್ನು ಬಳಸುತ್ತಿದ್ದರೆ ಇಷ್ಟೇ ಸಾಕು.

ಚಾಮುಂಡಿಪುರಂ

ಅರ್ಧ ತುಂಬಿದ ಅರ್ಜಿ ಅಳಿಸಿಹೋಗುವ ವಿಚಾರಕ್ಕೆ ಯಾರೂ ಕೈಹಾಕಿಲ್ಲ, ರೈತರಿಗೆ ಅತಿ ಹೆಚ್ಚು ನೋವು ಕೊಡುವುದು ಅದೇ. ಸರ್ವೆ ನಂಬರು, ಹಿಸ್ಸಾ, ಬ್ಯಾಂಕ್ ಖಾತೆ ಎಲ್ಲ ಸಣ್ಣ ಪರದೆಯಲ್ಲಿ ಕಷ್ಟಪಟ್ಟು ತುಂಬಿದ ಮೇಲೆ ಒಂದು ಪದ ಅರ್ಥವಾಗದೆ ಭಾಷೆ ಬದಲಿಸಿದರೆ ಮೊದಲಿನಿಂದ ತುಂಬಬೇಕೆಂದರೆ ಅವರು ಮತ್ತೆ ಆ ತಾಣಕ್ಕೆ ಬರುವುದಿಲ್ಲ.

ಭಾಷೆಯ ಗುಂಡಿ ಸಾಮಾನ್ಯವಾಗಿ ಒಂದು ಲಿಂಕ್ ಆಗಿರುತ್ತದೆ. ಲಿಂಕ್ ಒತ್ತಿದರೆ ಬ್ರೌಸರ್ ಗೆಟ್ ಕೋರಿಕೆ ಕಳಿಸುತ್ತದೆ, ಅರ್ಜಿಯೊಳಗಿನ ಪಠ್ಯ ಅದರ ಜೊತೆ ಹೋಗುವುದಿಲ್ಲ. ಅರ್ಜಿ ಇರುವ ಪುಟಗಳಲ್ಲಿ ಮಾತ್ರ ಆ ಗುಂಡಿಯನ್ನು ಅರ್ಜಿಯ ಒಳಗೇ ಒಂದು ಸಬ್‌ಮಿಟ್ ಗುಂಡಿಯಾಗಿ ಇಡಿ. ಅದರ ಹೆಸರು ಲ್ಯಾಂಗ್ ಆಗಿರಲಿ, ಮೌಲ್ಯ ಭಾಷೆಯ ಸಂಕೇತವಾಗಿರಲಿ. ಫಾರ್ಮ್ ಆಕ್ಷನ್ ಗುಣದಿಂದ ಅದನ್ನು ಬೇರೊಂದು ವಿಳಾಸಕ್ಕೆ ಕಳಿಸಿ, ಫಾರ್ಮ್ ನೋವ್ಯಾಲಿಡೇಟ್ ಗುಣವನ್ನೂ ಹಾಕಿ. ಲೊಕೇಲ್ ಚೇಂಜ್ ಇಂಟರ್‌ಸೆಪ್ಟರ್ ಪೋಸ್ಟ್ ಕೋರಿಕೆಯಲ್ಲೂ ಆ ಪ್ಯಾರಾಮೀಟರನ್ನು ನೋಡುತ್ತದೆ. ಆ ವಿಳಾಸದ ಕಂಟ್ರೋಲರ್ ಯಾವ ತಪಾಸಣೆಯನ್ನೂ ಮಾಡದೆ, ಡೇಟಾಬೇಸಿಗೂ ಬರೆಯದೆ, ಬಂದ ಮೌಲ್ಯಗಳನ್ನು ಅದೇ ಅರ್ಜಿಗೆ ತುಂಬಿ ಹಿಂತಿರುಗಿಸಲಿ. ಲಗತ್ತಿಸಿದ ಕಡತಗಳನ್ನು ಮಾತ್ರ ಬ್ರೌಸರ್ ಮರಳಿ ತುಂಬಲು ಬಿಡುವುದಿಲ್ಲ. ಆದ್ದರಿಂದ ಪಹಣಿ, ಪಾಸ್‌ಬುಕ್ ಪ್ರತಿಗಳ ಅಪ್‌ಲೋಡನ್ನು ಕೊನೆಯ ಹಂತದಲ್ಲಿ ಬೇರೆ ಪುಟದಲ್ಲಿ ಇಡುವುದು ಒಳ್ಳೆಯದು.

ಹೇಮಾವತಿ ನಾಲೆ

ಜಾವಾಸ್ಕ್ರಿಪ್ಟಿನಿಂದ ಪಠ್ಯವನ್ನಷ್ಟೇ ತರಿಸಿ ಪುಟವನ್ನು ಮರುಲೋಡ್ ಮಾಡದೆಯೇ ಬದಲಿಸಬಹುದಲ್ಲ?

ಚಾಮುಂಡಿಪುರಂ

ಬದಲಿಸಬಹುದು. ಆದರೆ ಜೆಎಸ್‌ಪಿಯಲ್ಲಿ ಅಲ್ಲಲ್ಲಿ ಚೆದುರಿದ ಪಠ್ಯ, ಸರ್ವರಿನಿಂದ ಬಂದ ದೋಷ ಸಂದೇಶ, ಡ್ರಾಪ್‌ಡೌನಿನ ಆಯ್ಕೆಗಳು ಇವೆಲ್ಲಕ್ಕೂ ಎರಡೆರಡು ದಾರಿ ಆಗುತ್ತವೆ, ಯಾವುದಾದರೂ ಒಂದು ಮೂಲೆಯಲ್ಲಿ ಇಂಗ್ಲಿಷ್ ಉಳಿದೇ ಉಳಿಯುತ್ತದೆ. ಇಡೀ ಮುಂಭಾಗವನ್ನು ಜಾವಾಸ್ಕ್ರಿಪ್ಟಿನಲ್ಲಿ ಹೊಸದಾಗಿ ಬರೆಯುವವರಿಗೆ ಆ ಮಾರ್ಗ ಸರಿ.

ಸರಸ್ವತೀಪುರಂ ಮೇಷ್ಟ್ರು

ಸಂದೇಶಗಳನ್ನು ತುಂಡು ತುಂಡಾಗಿ ಜೋಡಿಸುವ ಅಭ್ಯಾಸವನ್ನು ದಯವಿಟ್ಟು ಎಲ್ಲರೂ ಬಿಡಬೇಕು. ಇಂಗ್ಲಿಷ್ ವಾಕ್ಯದ ಮೊದಲ ತುಂಡು, ನಡುವೆ ಊರಿನ ಹೆಸರು, ಕೊನೆಗೆ ಮತ್ತೊಂದು ತುಂಡು ಎಂದು ಕೋಡಿನಲ್ಲಿ ಕೂಡಿಸಿದರೆ ಕ್ರಿಯಾಪದ ಕೊನೆಗೆ ಬರುವ ಕನ್ನಡಕ್ಕೆ ಆ ಕ್ರಮ ಹೊಂದುವುದಿಲ್ಲ. ಇಡೀ ವಾಕ್ಯ ಒಂದೇ ಕೀಯಲ್ಲಿರಬೇಕು, ಬದಲಾಗುವ ಭಾಗಕ್ಕೆ ಮೆಸೇಜ್ ಫಾರ್ಮ್ಯಾಟಿನ ಸ್ಥಳಸೂಚಿ ಇರಬೇಕು.

ಅಲ್ಲಿಗೂ ಕನ್ನಡದಲ್ಲಿ ಕೆಲಸ ಮುಗಿಯುವುದಿಲ್ಲ, ಏಕೆಂದರೆ ವಿಭಕ್ತಿ ಪ್ರತ್ಯಯ ಪದದ ಕೊನೆಯ ಸ್ವರವನ್ನು ಅನುಸರಿಸುತ್ತದೆ. ಸ್ಥಳಸೂಚಿಯ ಮುಂದೆ ಗೆ ಎಂದು ಅಂಟಿಸಿಟ್ಟರೆ ಮಳವಳ್ಳಿಗೆ ಎಂಬುದು ಸರಿಹೋಗುತ್ತದೆ, ಮಂಡ್ಯಗೆ ಎಂಬುದು ತಪ್ಪಾಗುತ್ತದೆ, ಮದ್ದೂರುಗೆ ಎಂದು ಬಂದರೆ ಓದುವವರಿಗೆ ಇದು ಯಂತ್ರದ ಕನ್ನಡ ಎಂದು ತಕ್ಷಣ ತಿಳಿಯುತ್ತದೆ. ನಮ್ಮ ರೈತರ ಪರದೆಯಲ್ಲಿ ಅಂಥ ಕನ್ನಡ ಕಾಣುವುದು ನನಗೆ ಸಮ್ಮತವಲ್ಲ.

ಲಷ್ಕರ್ ಮೊಹಲ್ಲಾ

ಹಾಗಾದರೆ ಕೋಡಿನಲ್ಲಿ ವ್ಯಾಕರಣ ಬರೆಯಬೇಕೆ, ಮೇಷ್ಟ್ರೇ? ಅಷ್ಟು ಸಮಯ ಯಾರ ಬಳಿ ಇದೆ? ತಾಲ್ಲೂಕು, ಒಂದು ಕೋಲನ್, ಅದರ ಮುಂದೆ ಹೆಸರು ಎಂದು ಇಟ್ಟರೆ ಪ್ರತ್ಯಯದ ಗೊಡವೆಯೇ ಇರುವುದಿಲ್ಲ.

ಸರಸ್ವತೀಪುರಂ ಮೇಷ್ಟ್ರು

ಪಟ್ಟಿ ಮತ್ತು ರಶೀದಿಗಳಲ್ಲಿ ಕೋಲನ್ ಕ್ರಮವೇ ಉತ್ತಮ, ಒಪ್ಪುತ್ತೇನೆ. ವಾಕ್ಯ ಬೇಕೇ ಬೇಕಾದ ಕಡೆ ವ್ಯಾಕರಣ ಬರೆಯಬೇಕಾಗಿಲ್ಲ. ಮಂಡ್ಯ ಜಿಲ್ಲೆಯ ತಾಲ್ಲೂಕುಗಳು ಏಳೇ: ಮಂಡ್ಯ, ಮದ್ದೂರು, ಮಳವಳ್ಳಿ, ಪಾಂಡವಪುರ, ಶ್ರೀರಂಗಪಟ್ಟಣ, ನಾಗಮಂಗಲ ಮತ್ತು ಕೃಷ್ಣರಾಜಪೇಟೆ. ಕೋಷ್ಟಕದಲ್ಲಿ ಹೆಸರಿನ ಪಕ್ಕಕ್ಕೆ ಮಂಡ್ಯಕ್ಕೆ, ಮದ್ದೂರಿಗೆ, ಪಾಂಡವಪುರಕ್ಕೆ ಎಂಬ ರೂಪಗಳಿಗೆ ಒಂದು ಕಾಲಂ, ಮಂಡ್ಯದಲ್ಲಿ, ಮದ್ದೂರಿನಲ್ಲಿ ಎಂಬ ರೂಪಗಳಿಗೆ ಇನ್ನೊಂದು ಕಾಲಂ ಸೇರಿಸಿದರೆ ಮುಗಿಯಿತು. ವ್ಯಕ್ತಿಗಳ ಹೆಸರಿಗೆ ಅವರು ಎಂಬ ಪದವನ್ನು ಸೇರಿಸಿ ಅವರಿಗೆ, ಅವರಿಂದ ಎಂದು ಬರೆದರೆ ಪ್ರತ್ಯಯದ ತೊಡಕು ತಪ್ಪುತ್ತದೆ, ಗೌರವವೂ ಉಳಿಯುತ್ತದೆ.

ಕುಕ್ಕರಹಳ್ಳಿ ಕೆರೆ

ಏಳು ತಾಲ್ಲೂಕಿಗೆ ಸರಿ. ಊರುಗಳ ಪಟ್ಟಿ ಬಂದರೆ ನೂರಾರು ಹೆಸರುಗಳಾಗುತ್ತವೆ, ಅಲ್ಲಿ ಕೋಲನ್ನೇ ಗತಿ.

ಮೆಸೇಜ್ ಫಾರ್ಮ್ಯಾಟಿನಲ್ಲಿ ಒಂಟಿ ಉದ್ಧರಣ ಚಿಹ್ನೆಗೆ ವಿಶೇಷ ಅರ್ಥವಿದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮ ಇಂಗ್ಲಿಷ್ ಕಡತದ ವಾಕ್ಯದಲ್ಲಿ ಅಪಾಸ್ಟ್ರಫಿ ಇದ್ದರೆ ಅದರ ಮುಂದಿನ ಸ್ಥಳಸೂಚಿ ತುಂಬದೆ ಹಾಗೆಯೇ ಪರದೆಯ ಮೇಲೆ ಕಾಣುತ್ತದೆ. ಆ ಚಿಹ್ನೆಯನ್ನು ಎರಡು ಸಲ ಬರೆಯಬೇಕು.

ಶಿಂಷಾ

ಸಂಖ್ಯೆಗಳ ಬಗ್ಗೆಯೂ ಒಂದು ಮಾತು. ಸಾಲದ ಮೊತ್ತ 12,34,567 ಎಂದು ಕಾಣಬೇಕಾದ ಕಡೆ ಜಾವಾದ ಡೆಸಿಮಲ್ ಫಾರ್ಮ್ಯಾಟ್ 1,234,567 ಎಂದು ತೋರಿಸುತ್ತದೆ, ಏಕೆಂದರೆ ಅದಕ್ಕೆ ಒಂದೇ ಗುಂಪಿನ ಅಳತೆ ಗೊತ್ತಿರುವುದು. ಲಕ್ಷ ಕೋಟಿಗಳ ಕ್ರಮದಲ್ಲಿ ಅಲ್ಪವಿರಾಮ ಬೇಕಾದರೆ ಐಸಿಯು4ಜೆ ಗ್ರಂಥಾಲಯದ ಡೆಸಿಮಲ್ ಫಾರ್ಮ್ಯಾಟ್ ಬಳಸಿ ವಿನ್ಯಾಸವನ್ನು ನೀವೇ ಕೊಡಿ.

ದಿನಾಂಕದಲ್ಲಿ ತಿಂಗಳ ಹೆಸರು ಕನ್ನಡದಲ್ಲಿ ಬರುತ್ತಿಲ್ಲವಾದರೆ ಅದಕ್ಕೂ ಜಾವಾ 8 ಕಾರಣ. ಆ ಆವೃತ್ತಿಯ ಹಳೆಯ ಲೊಕೇಲ್ ದತ್ತಾಂಶದಲ್ಲಿ ಕನ್ನಡ ಇಲ್ಲ. ಸರ್ವರ್ ಆರಂಭಿಸುವಾಗ ಜಾವಾ ಲೊಕೇಲ್ ಪ್ರೊವೈಡರ್ಸ್ ಎಂಬ ಗುಣದಲ್ಲಿ ಯುನಿಕೋಡಿನ ಲೊಕೇಲ್ ದತ್ತಾಂಶವಾದ ಸಿಎಲ್‌ಡಿಆರ್ ಅನ್ನು ಮೊದಲು ಹೆಸರಿಸಬೇಕು, ಅಥವಾ ಅದೇ ಡಿಫಾಲ್ಟ್ ಆಗಿರುವ ಜಾವಾ 9 ಇಲ್ಲವೆ ನಂತರದ ಆವೃತ್ತಿಗೆ ಹೋಗಬೇಕು.

ಕಾರಂಜಿ

ಕನ್ನಡ ಪರದೆಯಲ್ಲಿ ಅಂಕಿಗಳೂ ಕನ್ನಡದವೇ ಆಗಿರಬೇಕಲ್ಲವೆ? ಲೊಕೇಲ್ ಟ್ಯಾಗಿಗೆ ಯು, ಎನ್‌ಯು, ಕೆಎನ್‌ಡಿಎ ಎಂಬ ವಿಸ್ತರಣೆ ಸೇರಿಸಿದರೆ ನಂಬರ್ ಫಾರ್ಮ್ಯಾಟ್ ೧೨೩ ಎಂದೇ ಕೊಡುತ್ತದೆ.

ಚಾಮುಂಡಿಪುರಂ

ಭಾವನೆ ನನಗೂ ಅರ್ಥವಾಗುತ್ತದೆ, ಬಸ್ಸಿನ ಮುಂದೆ ಕನ್ನಡ ಅಂಕಿ ಕಂಡರೆ ಸಂತೋಷಪಡುವವರಲ್ಲಿ ನಾನೂ ಒಬ್ಬ. ಆದರೆ ಖಾತೆ ಸಂಖ್ಯೆ ಮತ್ತು ಮೊತ್ತವನ್ನು ರೈತರು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡುತ್ತಾರೆ, ಅಲ್ಲಿ ಇರುವುದು 1, 2, 3. ಹಣದ ವಿಚಾರದಲ್ಲಿ ಓದುವಾಗ ಒಂದು ಅಂಕಿ ತಪ್ಪಿದರೂ ನಷ್ಟ ಅವರದು. ಆಯ್ಕೆಯಾಗಿ ಕೊಡಬಹುದು, ಕಡ್ಡಾಯ ಮಾಡಬಾರದು.

ಕನ್ನಡ ಅಂಕಿಯಲ್ಲಿ ಟೈಪ್ ಮಾಡಿ ಕಳಿಸುವವರಿಗೂ ದಾರಿ ಮುಚ್ಚಬೇಡಿ. ಇಂಟೀಜರ್ ವರ್ಗದ ಪಾರ್ಸ್‌ಇಂಟ್ ೧೨ ಎಂಬುದನ್ನು ಯಾವ ತಕರಾರೂ ಇಲ್ಲದೆ 12 ಎಂದು ಓದುತ್ತದೆ, ತಡೆಯುವುದು ನಾವು ಬರೆದ ರೆಜೆಕ್ಸ್ (ಅಕ್ಷರಗಳ ಮಾದರಿ ಹೋಲಿಸುವ) ತಪಾಸಣೆ ಮಾತ್ರ.

ಮದ್ದೂರಿನವಳು

ಡ್ರಾಪ್‌ಡೌನಿನಲ್ಲಿ ಕಾಣುವ ಪಠ್ಯವನ್ನೇ ಡೇಟಾಬೇಸಿಗೆ ಬರೆಯುತ್ತಿದ್ದೀರಾ ಎಂದು ನೋಡಿ. ಹಾಗಿದ್ದರೆ ಕನ್ನಡ ಪರದೆಯಿಂದ ಬಂದ ಅರ್ಜಿಯಲ್ಲಿ ಬೆಳೆ ಕಬ್ಬು ಎಂದೂ ಇಂಗ್ಲಿಷ್ ಪರದೆಯಿಂದ ಬಂದದ್ದರಲ್ಲಿ ಶುಗರ್‌ಕೇನ್ ಎಂದೂ ಸೇರಿಕೊಂಡು ವರದಿಯಲ್ಲಿ ಒಂದೇ ಬೆಳೆ ಎರಡಾಗಿ ಎಣಿಕೆಯಾಗುತ್ತದೆ. ಡೇಟಾಬೇಸಿಗೆ ಸಂಕೇತ ಮಾತ್ರ ಹೋಗಲಿ, ಪಠ್ಯ ತೋರಿಸುವ ಕ್ಷಣದಲ್ಲಿ ಸಿದ್ಧವಾಗಲಿ.

ಒಂಟಿಕೊಪ್ಪಲು

ಗುಂಡಿಗಳ ಎತ್ತರವನ್ನು ಪಿಕ್ಸೆಲ್ಲಿನಲ್ಲಿ ಕಟ್ಟಿಹಾಕಿದ್ದರೆ ಕನ್ನಡಕ್ಕೆ ಬದಲಾದಾಗ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ, ಸಾಲಿನ ಎತ್ತರವನ್ನು ಸ್ವಲ್ಪ ಸಡಿಲಗೊಳಿಸಿ. ಎಚ್‌ಟಿಎಂಎಲ್ ಟ್ಯಾಗಿನ ಲ್ಯಾಂಗ್ ಗುಣವೂ ಭಾಷೆಯೊಡನೆ ಬದಲಾಗಬೇಕು, ದೃಷ್ಟಿಹೀನರು ಬಳಸುವ ಪರದೆ ಓದುವ ತಂತ್ರಾಂಶ ಅದನ್ನು ನೋಡಿಯೇ ಉಚ್ಚಾರಣೆ ಆರಿಸುತ್ತದೆ.

ಕಬ್ಬಿನಗದ್ದೆ (ಮಂಡ್ಯ)

ಖಾಲಿ ಕೆಎನ್ ಕಡತ ಇಟ್ಟೆ, ಫಾಲ್‌ಬ್ಯಾಕನ್ನೂ ಸುಳ್ಳು ಮಾಡಿದೆ, ಕನ್ನಡ ಸರಿಯಾಗಿ ಬರುತ್ತಿದೆ. ಅರ್ಜಿಯ ಒಳಗಿನ ಗುಂಡಿಯೂ ಚಾಮುಂಡಿಪುರಂ ಅವರು ಹೇಳಿದಂತೆಯೇ ಕೆಲಸ ಮಾಡಿತು. ಬೆಳೆಗಳ ಹೆಸರು ಪಠ್ಯವಾಗಿಯೇ ಡೇಟಾಬೇಸಿನಲ್ಲಿದೆ, ಅದನ್ನು ಸಂಕೇತಕ್ಕೆ ಬದಲಿಸುವ ಕೆಲಸ ಈಗ ನಡೆದಿದೆ.

ಇನ್ನೊಂದು ಪ್ರಶ್ನೆ. ಮೊದಲ ಸಲ ಬರುವವರಿಗೆ ಕುಕಿಯೂ ಇಲ್ಲ, ಲಾಗಿನ್ನೂ ಇಲ್ಲ. ಬ್ರೌಸರಿನ ಹೆಡರನ್ನು ನಂಬಿ ಭಾಷೆ ಆರಿಸಬೇಕೆ, ಅಥವಾ ಕನ್ನಡವನ್ನೇ ಮೊದಲು ತೋರಿಸಬೇಕೆ?

ಹೇಮಾವತಿ ನಾಲೆ

ಹೆಡರನ್ನು ಗೌರವಿಸುವುದೇ ವೆಬ್ಬಿನ ಕ್ರಮ. ಬಳಕೆದಾರರು ತಮ್ಮ ಫೋನಿನಲ್ಲಿ ಆರಿಸಿಕೊಂಡ ಭಾಷೆಯನ್ನು ನಾವು ಕಡೆಗಣಿಸುವುದು ಸರಿಯಲ್ಲ.

ಮದ್ದೂರಿನವಳು

ಅವರು ಆರಿಸಿಕೊಂಡದ್ದೇ ಆಗಿದ್ದರೆ ನಾನೂ ಒಪ್ಪುತ್ತಿದ್ದೆ. ನಮ್ಮ ಊರಿನಲ್ಲಿ ಫೋನ್ ಕೊಂಡಾಗ ಅಂಗಡಿಯವರು ಇಂಗ್ಲಿಷಿನಲ್ಲೇ ಸಿದ್ಧಪಡಿಸಿ ಕೊಡುತ್ತಾರೆ, ಭಾಷೆ ಬದಲಿಸಬಹುದೆಂಬುದು ಎಷ್ಟೋ ಜನರಿಗೆ ಗೊತ್ತೇ ಇರುವುದಿಲ್ಲ. ನನ್ನ ತಂದೆಯವರ ಫೋನ್ ಕೂಡ ಇಂಗ್ಲಿಷಿನಲ್ಲೇ ಇದೆ, ಅವರು ಓದುವುದು ಕನ್ನಡ ಮಾತ್ರ. ಅಂಥ ಫೋನಿನ ಹೆಡರ್ ಅಂಗಡಿಯವರ ಆಯ್ಕೆಯನ್ನು ಹೇಳುತ್ತದೆ, ನನ್ನ ತಂದೆಯ ಆಯ್ಕೆಯನ್ನಲ್ಲ. ಮಂಡ್ಯದ ರೈತರಿಗಾಗಿ ಕಟ್ಟಿದ ತಾಣದ ಮೊದಲ ಪುಟ ಕನ್ನಡದಲ್ಲೇ ತೆರೆಯಬೇಕು. ಇಂಗ್ಲಿಷ್ ಬೇಕಾದವರಿಗೆ ಗುಂಡಿ ಕಣ್ಣೆದುರೇ ಇರುತ್ತದೆ, ಗುಮಾಸ್ತರಿಗೆ ಅವರ ಆಯ್ಕೆ ಕೋಷ್ಟಕದಲ್ಲೇ ಇರುತ್ತದೆ.

ಸರಸ್ವತೀಪುರಂ ಮೇಷ್ಟ್ರು

ಮದ್ದೂರಿನವಳು ಅವರ ಮಾತನ್ನು ಪೂರ್ಣವಾಗಿ ಅನುಮೋದಿಸುತ್ತೇನೆ. ಗುಂಡಿಯ ಮೇಲೆ ಬಾವುಟದ ಚಿತ್ರ ಹಾಕಬೇಡಿ; ಪ್ರತಿ ಭಾಷೆಯ ಹೆಸರೂ ಅದರದೇ ಲಿಪಿಯಲ್ಲಿರಲಿ.

ಹೇಮಾವತಿ ನಾಲೆ

ಅಂಗಡಿಯವರು ಇಂಗ್ಲಿಷಿನಲ್ಲೇ ಕೊಡುವ ಫೋನುಗಳ ಬಗ್ಗೆ ನಾನು ಯೋಚಿಸಿರಲಿಲ್ಲ. ಈ ತಾಣದ ಮಟ್ಟಿಗೆ ನಿಮ್ಮ ವಾದ ನಿಲ್ಲುತ್ತದೆ, ಮೇಡಂ.

ಕಬ್ಬಿನಗದ್ದೆ (ಮಂಡ್ಯ)

ಸೆಷನ್ ಲೊಕೇಲ್ ರಿಸಾಲ್ವರಿನ ಡಿಫಾಲ್ಟ್ ಲೊಕೇಲನ್ನು ಕನ್ನಡ ಎಂದು ನಿಗದಿ ಮಾಡಿದೆ, ಈಗ ಅದು ಹೆಡರನ್ನು ನೋಡುವುದಿಲ್ಲ. ಸಾಲದ ಕಂತಿನ ನೆನಪೋಲೆಯನ್ನು ರಾತ್ರಿ ಷೆಡ್ಯೂಲರ್ ಎಸ್‌ಎಂಎಸ್ ಮೂಲಕ ಕಳಿಸುತ್ತದೆ. ಅಲ್ಲಿ ಯಾವ ಕೋರಿಕೆಯೂ ಇರುವುದಿಲ್ಲವಲ್ಲ, ಲೊಕೇಲ್ ಎಲ್ಲಿಂದ ಬರುತ್ತದೆ?

ಶಿಂಷಾ

ಅಲ್ಲಿ ಲೊಕೇಲ್ ಕಾಂಟೆಕ್ಸ್ಟ್ ಹೋಲ್ಡರ್ ಕೇಳಿದರೆ ಸಿಗುವುದು ಸರ್ವರಿನ ಡಿಫಾಲ್ಟ್ ಮಾತ್ರ. ಪ್ರತಿ ಸದಸ್ಯರ ಸಾಲನ್ನು ಓದುವಾಗಲೇ ಭಾಷೆಯ ಕಾಲಮನ್ನೂ ಓದಿ, ಮೆಸೇಜ್ ಸೋರ್ಸಿನ ಗೆಟ್‌ಮೆಸೇಜ್ ವಿಧಾನಕ್ಕೆ ಆ ಲೊಕೇಲನ್ನು ನೇರವಾಗಿ ಕೊಡಿ. ಅಸಿಂಕ್ ಎಂದು ಗುರುತಿಸಿದ ವಿಧಾನಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ, ಅವು ಬೇರೆ ಥ್ರೆಡ್ಡಿನಲ್ಲಿ ನಡೆಯುವುದರಿಂದ ಲೊಕೇಲನ್ನು ಆರ್ಗ್ಯುಮೆಂಟಾಗಿ ದಾಟಿಸಬೇಕು. ಕನ್ನಡದ ಎಸ್‌ಎಂಎಸ್ ಯುನಿಕೋಡಿನಲ್ಲಿ ಹೋಗುವುದರಿಂದ ಒಂದು ಸಂದೇಶಕ್ಕೆ 160 ಅಲ್ಲ, 70 ಸಂಕೇತಗಳಷ್ಟೇ ಹಿಡಿಯುತ್ತವೆ, ಗುಣಿತಾಕ್ಷರದ ಚಿಹ್ನೆ ಮತ್ತು ಒತ್ತಕ್ಷರಗಳೂ ಆ ಲೆಕ್ಕಕ್ಕೆ ಸೇರುತ್ತವೆ. ನೆನಪೋಲೆಯ ಕನ್ನಡ ವಾಕ್ಯವನ್ನು ಅದಕ್ಕೆ ತಕ್ಕಂತೆ ಚಿಕ್ಕದಾಗಿ ಬರೆಸಿ, ಇಲ್ಲವಾದರೆ ಸಂಘ ಪ್ರತಿ ಸದಸ್ಯರಿಗೂ ಎರಡು ಮೂರು ಸಂದೇಶದ ಹಣ ತೆರಬೇಕಾಗುತ್ತದೆ.